ತೊಗಟೆ ಸುಲಿದ ತುಂಡು

ಕಲೀಮ್ ಮತ್ತು ಅಫ್ಶೀನ್ ಜಗಳವಾಡುತ್ತಿದ್ದದ್ದು ಕನ್ನಡದಲ್ಲಿ. ಉಳಿದ ಮಾತೆಲ್ಲ ಉರ್ದುವಿನಲ್ಲಿ. ಕ್ಯಾಂಪ್‌ಬೆಲ್ಲಿನ ಅವರ ಅಪಾರ್ಟ್‌ಮೆಂಟಿನ ಗೋಡೆ ರಟ್ಟಿನಷ್ಟು ತೆಳ್ಳಗಿತ್ತು, ಗೋಡೆಯಾಚೆ ಹೈದರಾಬಾದಿನ ಸಂಸಾರವೊಂದಿತ್ತು. ಉರ್ದುವಿನಲ್ಲಿ ಬೈದಾಡಿಕೊಂಡರೆ ಮಾರನೆಯ ದಿನ ಆ ಮನೆಯಾಕೆ ಲಾಂಡ್ರಿ ರೂಮಿನಲ್ಲಿ ಅಫ್ಶೀನಳ ಕೈ ಹಿಡಿದುಕೊಂಡು ಸಮಾಧಾನ ಹೇಳುತ್ತಿದ್ದಳು. ಒಂದು ಸಲ ಹಾಗಾದ ಮೇಲೆ ಗಂಡ ಹೆಂಡತಿ ಮೈಸೂರಿನ ಬೀದಿ ಕನ್ನಡವನ್ನು ಜಗಳಕ್ಕೆಂದೇ ಮೀಸಲಿಟ್ಟರು.

ಜಗಳದ ವಿಷಯ ಬಹುಪಾಲು ಒಂದೇ, ಮರ.

"ಸಂಬಳ ಇಲ್ಲ, ಮಣ್ಣಿಲ್ಲ. ದಿನಾ ಹೋಗಿ ಮರ ಉಜ್ಜಿ ಬರ್ತೀಯ. ಇದನ್ನೇ ಮಾಡೋದಿದ್ರೆ ನಿಮ್ಮಪ್ಪನ ಸಾಮಿಲ್ಲಲ್ಲೇ ಇರಬಹುದಿತ್ತಲ್ಲ?"

"ಅಲ್ಲಿ ಹೆಣ್ಣುಮಕ್ಕಳನ್ನ ಗೇಟೊಳಗೇ ಬಿಡ್ತಿರಲಿಲ್ಲ ಕಣ್ರೀ."

"ಪುಣ್ಯಾತ್ಮ. ಮಗಳ ಬುದ್ಧಿ ಗೊತ್ತಿತ್ತು."

ಅವಳ ತಂದೆ ಖುರ್ಷಿದ್ ಸಾಹೇಬರಿಗೆ ಮೈಸೂರಿನ ಬನ್ನಿಮಂಟಪದ ಕಡೆ ಸಾಮಿಲ್ಲು ಮತ್ತು ಟಿಂಬರ್ ಡಿಪೋ ಇತ್ತು. ಮನೆ ಮಿಲ್ಲಿನ ಬೆನ್ನಿಗೇ ಇದ್ದುದರಿಂದ ಮಹಡಿಯ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಯಾವ ದಿಮ್ಮಿ ಟೊಳ್ಳು, ಯಾವುದರ ಕೆಚ್ಚು ಗಟ್ಟಿ ಎಂಬುದನ್ನು ಅವಳು ಅಣ್ಣಂದಿರಿಗಿಂತ ಮೊದಲೇ ಕಿಟಕಿಯಲ್ಲಿ ನಿಂತು ಹೇಳುತ್ತಿದ್ದಳು. ಮೆಚ್ಚಿದವರು ಯಾರೂ ಇರಲಿಲ್ಲ. ಬಾಟನಿಯಲ್ಲಿ ಎಂಎಸ್ಸಿ ಮಾಡಿಸಿದರು, ಮದುವೆ ಮಾಡಿದರು. ಗಂಡನ ವೀಸಾದ ಬಾಲ ಹಿಡಿದು ಬಂದವಳಿಗೆ ಇಲ್ಲಿ ಸಂಬಳಕ್ಕೆ ದುಡಿಯುವ ಹಾಗಿರಲಿಲ್ಲ. ಬಿಟ್ಟಿ ದುಡಿಯಬಹುದಿತ್ತು. ಅದಕ್ಕೆ ಯಾವ ದೇಶದ ಕಾನೂನೂ ಅಡ್ಡ ಬರುವುದಿಲ್ಲ.

ಬಿಟ್ಟಿ ಕೆಲಸ ಕೊಟ್ಟವನು ಗುರುಪ್ರಸಾದ. ಮೈಸೂರಿನವನೇ, ಐವತ್ತರ ಹತ್ತಿರದವನು, ವಿಶ್ವವಿದ್ಯಾಲಯವೊಂದರಲ್ಲಿ ಮರದ ಸುತ್ತುಗಳಿಂದ ಹಳೆಯ ಕಾಡ್ಗಿಚ್ಚುಗಳ ಕಾಲ ಪತ್ತೆ ಮಾಡುವ ಸಣ್ಣ ಲ್ಯಾಬು ನಡೆಸುತ್ತಿದ್ದ. ಕನ್ನಡ ಕೂಟದ ಊಟದ ಸಾಲಿನಲ್ಲಿ ಅವಳು ಸಾಮಿಲ್ಲಿನ ಮಾತೆತ್ತಿದಾಗ ಅವನ ಕೈಯಲ್ಲಿದ್ದ ಬಿಸಿಬೇಳೆ ಬಾತಿನ ತಟ್ಟೆ ಓರೆಯಾಯಿತು.

"ನಮ್ಮ ಲ್ಯಾಬಿಗೆ ಬಾಮ್ಮ. ಇಲ್ಲಿಯ ಹುಡುಗರಿಗೆ ಕಂಪ್ಯೂಟರ್ ಬಿಟ್ಟರೆ ಕೈಲಿ ಏನೂ ಹಿಡಿಯೋಕೆ ಬರಲ್ಲ. ದುಡ್ಡು ಕೊಡೋಕಾಗಲ್ಲ. ಪೇಪರ್ ಬಂದಾಗ ನಿನ್ನ ಹೆಸರು ಇರುತ್ತೆ."

ಹೆಸರು. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಪೇಪರಿನಲ್ಲಿ ಹೆಸರಿದ್ದರೆ ಪಿಎಚ್‌ಡಿ ಸೀಟು, ಸೀಟಿನ ಜೊತೆ ಸ್ಟೈಪೆಂಡು, ಅದರ ಜೊತೆ ಅವಳದೇ ಹೆಸರಿನ ವೀಸಾ. ಯಾರ ಬಾಲವನ್ನೂ ಹಿಡಿಯಬೇಕಾಗಿರಲಿಲ್ಲ. ಕಲೀಮ್ ಬೆಳಿಗ್ಗೆ ರೆಡ್‌ವುಡ್ ಸಿಟಿಯ ಆಫೀಸಿಗೆ ಹೋಗುವಾಗ ಅವಳನ್ನು ದಾರಿಯಲ್ಲಿ ಇಳಿಸುವುದೆಂದು ಗೊತ್ತಾಯಿತು. ಅವನ ಕಂಪನಿ ಏನು ಮಾರುತ್ತದೆಂದು ಅವನಿಗೂ ಪೂರ್ತಿ ಗೊತ್ತಿರಲಿಲ್ಲ. ಆದರೆ ಅದರ ಷೇರು ಮಾತ್ರ ದಿನದಿನಕ್ಕೂ ಏರುತ್ತಿತ್ತು. ಹೆಂಡತಿ ಮರ ಉಜ್ಜುವುದು ಆ ಏರಿಕೆಯ ಮನುಷ್ಯನಿಗೆ ನಗೆಪಾಟಲಿನ ಸಂಗತಿ.

ಕೆಲಸ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಬೆಟ್ಟದಲ್ಲಿ ನೂರು ವರ್ಷದ ಹಿಂದೆ ಕಡಿದ ರೆಡ್‌ವುಡ್ ಮರಗಳ ಬೊಡ್ಡೆಗಳಿದ್ದವು. ಅವುಗಳಿಂದ ಚಪ್ಪಟೆ ತುಂಡು ಕೊಯ್ದು ತರುತ್ತಿದ್ದರು. ಮೊದಲು ಯಂತ್ರದ ಕೀಸುಳಿ, ಆಮೇಲೆ ಒರಟಿನಿಂದ ನಯಕ್ಕೆ ಒಂದರ ಮೇಲೊಂದು ಉಪ್ಪುಕಾಗದ. ಉಜ್ಜುತ್ತ ಹೋದರೆ ಸುತ್ತುಗಳು ಏಳುತ್ತವೆ. ಒಂದು ಸುತ್ತು ಎಂದರೆ ಒಂದು ವರ್ಷ. ಬೆಂಕಿ ತಾಗಿದ ವರ್ಷದ ಸುತ್ತಿನಲ್ಲಿ ಕಪ್ಪು ಗಾಯ. ಮುಂದಿನ ವರ್ಷಗಳ ಮರ ಎರಡೂ ಕಡೆಯಿಂದ ತುಟಿಯ ಹಾಗೆ ಬಂದು ಆ ಗಾಯವನ್ನು ಮುಚ್ಚಿರುತ್ತದೆ. ಗಾಯ ಯಾವ ವರ್ಷದ್ದು ಎಂದು ಹೇಳಲು ತೊಗಟೆಯಿಂದ ಒಳಕ್ಕೆ ಎಣಿಸಬೇಕು. ತೊಗಟೆಯ ಕೆಳಗಿನ ಸುತ್ತು ಮರ ಕಡಿದ ವರ್ಷದ್ದು.

ಹಳೆಯ ಬೊಡ್ಡೆಗಳದ್ದು ಅಲ್ಲೇ ತಕರಾರು. ಅವನ್ನು ಯಾವ ವರ್ಷ ಕಡಿದರೋ ದಾಖಲೆ ಇಲ್ಲ, ತೊಗಟೆಯೂ ಉಳಿದಿಲ್ಲ. ಗಾಯಗಳ ನಡುವೆ ಎಷ್ಟು ವರ್ಷ ಎಂದು ಹೇಳಬಹುದಿತ್ತು, ಯಾವ ವರ್ಷ ಎಂದು ಹೇಳುವಂತಿರಲಿಲ್ಲ. ಬೆಟ್ಟದ ಅದೇ ಏಣಿನ, ಎಂದರೆ ಬೆನ್ನಿನ, ಮೇಲೆ ಈಚೆಗೆ ಕಡಿದ ಒಂದು ಮರ, ಗಾಯ ಇರುವಂಥದ್ದು, ಸಿಕ್ಕಿದರೆ ಅದನ್ನು ಆಧಾರವಾಗಿಟ್ಟು ಉಳಿದವನ್ನೆಲ್ಲ ಹೊಂದಿಸಬಹುದಿತ್ತು.

ಸಿಕ್ಕಿತು. ಇಂಟರ್ನೆಟ್ಟಿನಲ್ಲಿ ಹೂಗುಚ್ಛ ಮಾರುವ ಕಂಪನಿಯ ಹುಡುಗನೊಬ್ಬ ಆ ಏಣಿನ ಮೇಲೆ ಮನೆ ಕಟ್ಟಿಸಲು ಹೊರಟಿದ್ದ. 1999ರ ಅಕ್ಟೋಬರಿನಲ್ಲಿ ಒಂದು ಮುದಿ ಮರ ಉರುಳಿತು. ಕಂಟ್ರಾಕ್ಟರನನ್ನು ಕಾಡಿ ಬೇಡಿ ಗುರುಪ್ರಸಾದ ಒಂದೇ ಒಂದು ತುಂಡು ಕೊಯ್ಯಿಸಿಕೊಂಡು ಬಂದ. ದಿಮ್ಮಿ ಮಾರಾಟವಾಯಿತು. ಬೊಡ್ಡೆಯನ್ನು ಯಂತ್ರದಿಂದ ಪುಡಿ ಮಾಡಿ, ಗುಂಡಿಗೆ ಕಾಂಕ್ರೀಟು ಸುರಿದರು. ತುಂಡನ್ನು ಲ್ಯಾಬಿನ ಮೇಜಿನ ಮೇಲಿಟ್ಟು ಗುರುಪ್ರಸಾದ ಕಾನ್ಫರೆನ್ಸಿಗೆ ಹೊರಟ. "ಒಣಗಿದ ಮೇಲೆ ಚೆನ್ನಾಗಿ ರೆಡಿ ಮಾಡಿಡಮ್ಮ. ಇದು ನಮ್ಮ ರಾಜ" ಎಂದ.

ರಾಜನನ್ನು ಅವಳು ರಾಜನಂತೆಯೇ ಸಿಂಗರಿಸಿದಳು. ಅಲ್ಲಿಯವರೆಗೆ ಅವಳ ಕೈಗೆ ಬಂದದ್ದೆಲ್ಲ ಬತ್ತಲೆ ಬೊಡ್ಡೆಯ ತುಂಡುಗಳು. ತೊಗಟೆಯಿದ್ದ ಮರ ಇದೇ ಮೊದಲು. ಅಪ್ಪನ ಮಿಲ್ಲಿನಲ್ಲಿ ತೊಗಟೆಯಿದ್ದ ದಿಮ್ಮಿ ಒಳಗೆ ಬಂದರೆ ಮೊದಲು ಬಾಚಿ ಬೀಳುವುದು ಅದರ ಮೇಲೆ. ತೊಗಟೆ ಬಿಟ್ಟರೆ ಕುಟ್ಟೆ ಹಿಡಿಯುತ್ತದೆ, ಅದರ ಕೆಳಗಿನ ಬಿಳಿಯ ಮರ ಬಿಟ್ಟರೆ ಗೆದ್ದಲು. "ತೊಗಟೆ ಇಟ್ಕೊಂಡು ಮರ ಮಾರೋನು ಕೆಸರು ಮೆತ್ತಿದ ಆಲೂಗಡ್ಡೆ ಮಾರೋನ ಜಾತಿ" ಎಂದು ಖುರ್ಷಿದ್ ಸಾಹೇಬರು ಗಿರಾಕಿಗಳ ಮುಂದೆ ಹೇಳುತ್ತಿದ್ದರು. ಅಫ್ಶೀನ್ ತೊಗಟೆಯನ್ನು ಸುಲಿದಳು. ಅದರ ಕೆಳಗಿದ್ದ ಬಿಳಿಯ ಮರವನ್ನು ಕೀಸಿ ಅಂಚನ್ನು ಗುಂಡಗೆ ಮಾಡಿದಳು. ಮುಪ್ಪಿನಲ್ಲಿ ರೆಡ್‌ವುಡ್ ಬೆಳೆಯುವುದು ಎಳ್ಳಷ್ಟು. ಹತ್ತಾರು ವರ್ಷಗಳ ಸುತ್ತುಗಳು ಒಂದು ಬೆರಳಗಲದೊಳಗೆ ಕೂತಿರುತ್ತವೆ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ತಲೆಯಲ್ಲಿತ್ತು, ಕೈ ಮಾತ್ರ ಬನ್ನಿಮಂಟಪದಲ್ಲಿತ್ತು.

ಸುಲಿದ ತೊಗಟೆಯನ್ನು ಅವಳು ಎಸೆಯಲಿಲ್ಲ. ಮಿಲ್ಲಿನಲ್ಲಿ ಅದು ಹಂಡೆ ಒಲೆಗೆ ಹೋಗುತ್ತಿತ್ತು. ಇಲ್ಲಿ ಭಾನುವಾರದ ಪಾರ್ಕಿನ ಊಟಕ್ಕೆ ಹೋಯಿತು. ಕಲೀಮನ ಗೆಳೆಯ ಮುಜಮ್ಮಿಲ್ ಮಸಾಲೆಯಲ್ಲಿ ನೆನೆಸಿದ ಕೋಳಿ ತಂದಿದ್ದ. ಇದ್ದಿಲಿನ ಮೇಲೆ ತೊಗಟೆ ಇಟ್ಟದ್ದೇ ಹೊಗೆ ಎದ್ದಿತು. ಹೊಗೆ ಬಿಟ್ಟರೆ ಬೇರೇನೂ ಏಳಲಿಲ್ಲ. ಗೀರಿದ ಕಡ್ಡಿಗಳೆಲ್ಲ ಆರಿದವು, ಪಕ್ಕದ ಮೇಜಿನವರು ತಮ್ಮ ಮಕ್ಕಳನ್ನು ಎತ್ತಿಕೊಂಡು ದೂರ ಹೋದರು.

"ಭಾಭಿ, ಇದೇನು ಸೌದೆನೋ ಇಲ್ಲ ಸೊಳ್ಳೆ ಬತ್ತಿನೋ?" ಎಂದು ಮುಜಮ್ಮಿಲ್ ಕೆಮ್ಮಿದ.

"ಮಾವನ ಡಿಪೋ ಮಾಲು ಕಣೋ. ಗ್ಯಾರಂಟಿ ಪೀಸು. ಸುಟ್ಟರೂ ಸುಡಲ್ಲ" ಎಂದ ಕಲೀಮ್.

ಅವಳೂ ನಕ್ಕಳು. ಬೆಂಕಿ ತಡೆಯಲೆಂದೇ ಮರ ಬೆಳೆಸಿಕೊಂಡ ತೊಗಟೆ ಅದು, ಹೇಗೆ ಸುಟ್ಟೀತು? ಅರೆಸುಟ್ಟ ಚೂರುಗಳಿಗೆ ನೀರು ಸುರಿದು, ಕೋಳಿಯ ಮೂಳೆಗಳ ಜೊತೆ ಪಾರ್ಕಿನ ತೊಟ್ಟಿಗೆ ಹಾಕಿ ಮನೆಗೆ ಬಂದರು.

ಗುರುಪ್ರಸಾದ ಕಾನ್ಫರೆನ್ಸಿನಿಂದ ಬಂದವನು ತುಂಡಿನ ಮೇಲೆ ಅಂಗೈ ಆಡಿಸಿದ. "ಭೇಷ್! ಕನ್ನಡಿ ಮಾಡಿಬಿಟ್ಟಿದ್ದೀಯಲ್ಲಮ್ಮ" ಎಂದ. ಕೈ ಅಂಚಿಗೆ ಬಂದಿತು. ಅಲ್ಲೇ ನಿಂತಿತು.

"ತೊಗಟೆ ಎಲ್ಲಿ?"

ಅವನು ಕೇಳಿದ ಆ ಕ್ಷಣದಲ್ಲಿ ಅವಳ ಕೈ ಮೈಸೂರಿನಿಂದ ವಾಪಸು ಬಂತು. ಹೇಳಬೇಕಾದ್ದನ್ನು ಹೇಳಿದಳು. ಪಾರ್ಕು, ಕೋಳಿ, ತೊಟ್ಟಿ, ಎಲ್ಲ. ಕೀಸಿದ ಹೊಟ್ಟನ್ನು ಲ್ಯಾಬಿನ ವ್ಯಾಕ್ಯೂಮು ಆಗಲೇ ನುಂಗಿತ್ತು. ಗುರುಪ್ರಸಾದ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಮೊಸರನ್ನದ ಡಬ್ಬಿ ತೆರೆದ, ತಿನ್ನದೆ ಮುಚ್ಚಿದ.

"ನಾನೇ ಹೇಳಬೇಕಿತ್ತು ಬಿಡು. ತೊಗಟೆ ತೆಗೀಬೇಡ ಅಂತ ಯಾರಿಗಾದ್ರೂ ಹೇಳಬೇಕಾಗುತ್ತೆ ಅಂತ ಯಾರು ಅಂದ್ಕೊಂಡಿದ್ರು?"

ಬೈದಿದ್ದರೆ ಚೆನ್ನಾಗಿತ್ತು.

ಅವನು ಕೂತು ಎಣಿಸಿದ. ಅವಳೂ ಬೇರೆಯಾಗಿ ಎಣಿಸಿದಳು. ಇಬ್ಬರ ಎಣಿಕೆಯೂ ಕೂಡಿತು. ಈಗ ಉಳಿದಿರುವ ಕೊನೆಯ ಸುತ್ತೇ 1999ರದ್ದು ಎಂದುಕೊಂಡರೆ ಕಡೆಯ ಬೆಂಕಿ ಬಿದ್ದದ್ದು 1896ರಲ್ಲಿ. ಆದರೆ ಎಷ್ಟೋ ಸುತ್ತುಗಳು ಹೋಗಿದ್ದವು. ಒಂದೊಂದು ಹೋದ ಸುತ್ತಿಗೂ ಬೆಂಕಿ ಒಂದೊಂದು ವರ್ಷ ಹಿಂದಕ್ಕೆ ಸರಿಯಬೇಕು. ಎಷ್ಟು ಹೋದವು ಎಂದು ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಗುರುಪ್ರಸಾದನಿಂದ ಸಾಧ್ಯವಾಯಿತು. ಎರಡು ವಾರದ ಮೇಲೆ ಅವನು ಹಳೆಯ ಪತ್ರಿಕೆಯೊಂದರ ನೆರಳಚ್ಚು ಹಿಡಿದುಕೊಂಡು ಬಂದ. 1889ರಲ್ಲಿ ಆ ಬೆಟ್ಟಸಾಲಿನಲ್ಲಿ ಎಲ್ಲೋ ಬೆಂಕಿ ಎದ್ದಿತ್ತೆಂದು ನಾಲ್ಕು ಸಾಲು ಸುದ್ದಿ. ಯಾವ ಏಣು ಎಂದು ಇರಲಿಲ್ಲ.

"ನೋಡು, ಸಿಕ್ಕಿತು. ನೀನು ಸುಲಿದಿರೋದು ಏಳು."

"ಸಾರ್, ನಂಗೇ ಗೊತ್ತಿಲ್ವಲ್ಲ ಎಷ್ಟು ಅಂತ."

"ಏಳು ಅಂತ ಇಟ್ಕೊಂಡ್ರೆ ಎಲ್ಲ ಸರಿ ಕೂರುತ್ತಲ್ಲಮ್ಮ."

"ಹದಿನೇಳೂ ಇರಬಹುದು. ಆಗ ಬೇರೆ ಯಾವುದೋ ಬೆಂಕಿಗೆ ಸರಿ ಕೂರುತ್ತೆ. ಆ ಬೆಟ್ಟದಲ್ಲಿ ಬೆಂಕಿಗೆ ಬರ ಇತ್ತಾ ಸಾರ್?"

ಅವನು ನಕ್ಕ. ಆ ನಗೆಯಲ್ಲಿ ಮೆಚ್ಚುಗೆಯೂ ಇತ್ತು. ಅದೇ ಅವಳಿಗೆ ಕೊನೆಯವರೆಗೂ ಮರೆಯಲಾಗದ್ದು. ಅವಳು ಹೇಳಿದ್ದು ಸರಿ ಎಂದು ಅವನಿಗೆ ಗೊತ್ತಿತ್ತು.

ದಾರಿ ಇರಲಿಲ್ಲವೆಂದಲ್ಲ. ಮನೆ ಕಟ್ಟುತ್ತಿದ್ದ ಹುಡುಗನ ಪಕ್ಕದ ಜಾಗದಲ್ಲಿ ಹಳೆಯ ಮರಗಳು ಇನ್ನೂ ನಿಂತಿದ್ದವು. ಕಡಿಯಬೇಕಿಲ್ಲ, ಟೊಳ್ಳು ಬೈರಿಗೆ ತಿರುಗಿಸಿ ತೊಗಟೆಯಿಂದ ಒಳಕ್ಕೆ ಪೆನ್ಸಿಲಿನಷ್ಟು ಸಣ್ಣ ಕಡ್ಡಿ ತೆಗೆಯಬಹುದು. ಇಪ್ಪತ್ತು ಮೂವತ್ತು ಮರಗಳಿಂದ ತೆಗೆದು, ಅವುಗಳ ಸುತ್ತುಗಳ ಅಗಲ ಕಿರಿದುಗಳ ಸಾಲನ್ನು ತುಂಡಿನ ಸಾಲಿಗೆ ಹೊಂದಿಸಿದರೆ ಹೋದದ್ದೆಷ್ಟು ಎಂದು ತಿಳಿದೀತು. ರೆಡ್‌ವುಡ್ ಈ ವಿಷಯದಲ್ಲಿ ಮೊಂಡು ಮರ, ಒಂದರ ಹಾಗೆ ಇನ್ನೊಂದು ಬೆಳೆಯುವುದಿಲ್ಲ. ಆದರೂ ಒಂದು ಬೇಸಿಗೆ ಬೆವರು ಸುರಿಸಿದರೆ ಆಗದ ಮಾತಲ್ಲ. ಅಫ್ಶೀನ್ ಆ ಹುಡುಗನ ಆಫೀಸಿಗೆ ತಾನೇ ಫೋನು ಮಾಡಿ ಒಪ್ಪಿಗೆಯನ್ನೂ ಪಡೆದಳು. ಅವನು ಸಂತೋಷದಿಂದ ಒಪ್ಪಿದ. ಆಗ ಅಲ್ಲಿ ಎಲ್ಲರೂ ಎಲ್ಲದಕ್ಕೂ ಸಂತೋಷದಿಂದ ಒಪ್ಪುತ್ತಿದ್ದ ಕಾಲ.

ಗುರುಪ್ರಸಾದ ಒಪ್ಪಲಿಲ್ಲ.

"ಸೆಪ್ಟೆಂಬರಿಗೆ ರಿಪೋರ್ಟು ಕೊಡಬೇಕು. ಕೊಡದೇ ಇದ್ರೆ ಮುಂದಿನ ಗ್ರಾಂಟಿಲ್ಲ. ಗ್ರಾಂಟಿಲ್ಲ ಅಂದ್ರೆ ನಾನೂ ಇಲ್ಲ, ಈ ಮೇಜೂ ಇಲ್ಲ. ನಿನ್ನ ಗಂಡನ ಥರ ನಂಗೆ ಯಾರೂ ಷೇರು ಕೊಟ್ಟಿಲ್ಲಮ್ಮ. ಹದಿನಾಲ್ಕು ವರ್ಷದಿಂದ ನನ್ನ ಕೆಲಸವನ್ನ ನಾನೇ ಭಿಕ್ಷೆ ಎತ್ತಿ ಉಳಿಸ್ಕೊಂಡಿದ್ದೀನಿ. ಗ್ರಾಂಟು ಬರಲಿ, ಆಮೇಲೆ ಬೈರಿಗೆ ತಗೊಂಡು ಇಬ್ಬರೂ ಹತ್ತೋಣ."

ರಿಪೋರ್ಟು ಹೋಯಿತು. ಅದರ ಬೆನ್ನಿಗೆ ಪೇಪರಿನ ಕರಡು ಬಂತು. ಆ ಏಣಿನ ಮುನ್ನೂರು ವರ್ಷದ ಬೆಂಕಿಗಳೆಲ್ಲ ಇಸವಿ ಹೊತ್ತು ಸಾಲಾಗಿ ನಿಂತಿದ್ದವು. ಎಲ್ಲವೂ ಆ ಏಳರ ಮೇಲೆ. ಗುರುಪ್ರಸಾದನ ಹೆಸರಿನ ಪಕ್ಕದಲ್ಲೇ ಅವಳ ಹೆಸರು. ಅಚ್ಚಿನಲ್ಲಿ ತನ್ನ ಹೆಸರನ್ನು ಅವಳು ಮದುವೆಯ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಕಲೀಮನಿಗೆ ತೋರಿಸಿದಳು.

"ಎರಡನೇದು ಅಂದ್ರೆ ಒಳ್ಳೇದಾ?"

"ಒಳ್ಳೇದೇ."

"ಮತ್ಯಾಕೆ ಮುಖ ಹರಳೆಣ್ಣೆ ಕುಡಿದಂಗಿದೆ?"

ವಿಷಯ ಹೇಳಿದಳು. ಕನ್ನಡದಲ್ಲೇ ಹೇಳಿದಳು, ಆದ್ದರಿಂದ ಅದು ತಾನಾಗಿ ಜಗಳವಾಯಿತು.

"ನೂರು ವರ್ಷದ ಹಿಂದೆ ಸುಟ್ಟೋದ ಕಾಡು. ಏಳು ವರ್ಷ ಆಕಡೆ ಈಕಡೆ ಆದ್ರೆ ಯಾರ ಮನೆ ಮುಳುಗುತ್ತೆ? ನಮ್ಮ ಕಂಪನಿ ಮೂರು ವರ್ಷದಿಂದ ಲಾಭ ಬರುತ್ತೆ ಬರುತ್ತೆ ಅಂತ ಹೇಳ್ತಾನೇ ಇದೆ. ಸುಳ್ಳು ಅಂತ ವಾಚ್‌ಮನ್ನಿಗೂ ಗೊತ್ತು. ನಾನೇನು ಕೆಲಸ ಬಿಟ್ಟಿದ್ದೀನಾ?"

ಡಿಸೆಂಬರಿನಲ್ಲಿ ಅರ್ಜಿ ಹಾಕಿದಳು. ಮರದ ಸುತ್ತುಗಳ ಓದಿಗೆ ಹೆಸರಾದ, ದೂರದ ರಾಜ್ಯದ ವಿಶ್ವವಿದ್ಯಾಲಯಕ್ಕೆ. 'ಪ್ರಕಟವಾಗಲಿರುವ ಪೇಪರು' ಎಂಬ ಕಡೆ ಆ ಪೇಪರಿನ ಹೆಸರು ಬರೆದಳು, ಕರಡನ್ನೂ ಲಗತ್ತಿಸಿದಳು.

ಫೆಬ್ರವರಿಯಲ್ಲಿ ಅಲ್ಲಿಯ ಪ್ರೊಫೆಸರಮ್ಮ ಫೋನು ಮಾಡಿದಳು. ದನಿಯಲ್ಲಿ ಅವಸರವಿರಲಿಲ್ಲ. ಕರಡು ಓದಿದ್ದಾಳೆ, ತುಂಡಿನ ಫೋಟೋ ನೋಡಿದ್ದಾಳೆ, ಇಷ್ಟು ನುಣುಪಾದ ಕೆಲಸವನ್ನು ಈಚೆಗೆ ಕಂಡಿಲ್ಲ. ಸೀಟು ಇದೆ, ಸ್ಟೈಪೆಂಡು ಇದೆ. ಆಮೇಲೆ, ಅಡುಗೆಯ ರುಚಿ ಕೇಳುವಷ್ಟು ಹಗುರವಾಗಿ, ಒಂದೇ ಪ್ರಶ್ನೆ ಕೇಳಿದಳು: ಹೊರಗಿನ ಸುತ್ತಿನ ವರ್ಷ ಹೇಗೆ ಗೊತ್ತು ಮಾಡಿದಿರಿ, ತೊಗಟೆ ಇತ್ತಲ್ಲವೆ?

ಅಫ್ಶೀನ್ ಸುಳ್ಳು ಹೇಳಬೇಕೆಂದೇ ಬಾಯಿ ತೆರೆದಳು. ಸುಳ್ಳು ದೊಡ್ಡದೂ ಆಗಿರಲಿಲ್ಲ. ತೊಗಟೆ ಇದ್ದದ್ದು ನಿಜವೇ, 'ಇತ್ತು' ಎಂದರೆ ಮುಗಿಯಿತು. ಆದರೆ ಒಂದು ವರ್ಷದಿಂದ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ರಿಪೋರ್ಟು ಓದಿದವರು ಕೇಳಲಿಲ್ಲ, ಗ್ರಾಂಟು ಕೊಟ್ಟವರು ಕೇಳಲಿಲ್ಲ. ಕೊನೆಗೂ ಒಬ್ಬಳು ಕೇಳಬೇಕಾದ್ದನ್ನು ಕೇಳಿದ್ದಳು. ಅಂಥವಳ ಕೈಕೆಳಗೆ ಕಲಿಯಬೇಕೆಂದೇ ಅರ್ಜಿ ಹಾಕಿದ್ದು. ಅವಳಿಗೇ ಸುಳ್ಳು ಹೇಳಿ ಅಲ್ಲಿಗೆ ಹೋಗಿ ಕಲಿಯುವುದಾದರೂ ಏನನ್ನು?

"ಇತ್ತು. ನಾನು ಸುಲಿದೆ" ಎಂದಳು ಇಂಗ್ಲಿಷಿನಲ್ಲಿ. "ಎಷ್ಟು ಸುತ್ತು ಹೋದವೋ ಗೊತ್ತಿಲ್ಲ. ಏಳು ಎಂಬುದು ಊಹೆ."

ಪ್ರೊಫೆಸರಮ್ಮ ಅವಳ ಪ್ರಾಮಾಣಿಕತೆಯನ್ನು ತುಂಬ ಮೆಚ್ಚಿಕೊಂಡಳು. ಎರಡೆರಡು ಸಲ ಮೆಚ್ಚಿಕೊಂಡಳು. ಸೀಟು ಬೇರೆಯವರಿಗೆ ಹೋಯಿತೆಂಬ ಕಾಗದ ಮಾರ್ಚಿನಲ್ಲಿ ಬಂತು.

ಸೀಟು ಹೋದರೆ ಹೋಗಲಿ, ತಪ್ಪಾದರೂ ತಿದ್ದೀತು ಎಂದು ಅವಳು ಕಾದಳು. ಪ್ರೊಫೆಸರಮ್ಮ ಗುರುಪ್ರಸಾದನಿಗೆ ಬರೆದಿದ್ದಳು, ನಿಜ. ಸ್ನೇಹಿತರು ಸ್ನೇಹಿತರಿಗೆ ಬರೆಯುವ ಹಾಗೆ ಬರೆದಿದ್ದಳು. ಆ ಪ್ರೊಫೆಸರಮ್ಮನ ಗ್ರಾಂಟಿನ ಅರ್ಜಿಗಳನ್ನು ಓದಿ ಅಂಕ ಹಾಕುವವರಲ್ಲಿ ಇವನೂ ಒಬ್ಬ. ಗುರುಪ್ರಸಾದ ಅಫ್ಶೀನಳನ್ನು ಕರೆದು ಬಾಗಿಲು ಮುಂದೆ ಮಾಡಿದ.

"ಪೇಪರಿಂದ ನಿನ್ನ ಹೆಸರು ತೆಗೆದಿದ್ದೀನಿ."

ಅವಳು ಕೈಯಲ್ಲಿದ್ದ ಉಪ್ಪುಕಾಗದವನ್ನು ಮೇಜಿನ ಮೇಲಿಟ್ಟಳು.

"ನಿಂಗೇ ನಂಬಿಕೆ ಇಲ್ಲದ ರಿಸಲ್ಟಿಗೆ ನಿನ್ನ ಹೆಸರು ಹಾಕೋದು ಸರಿಯಲ್ಲಮ್ಮ. ಎಥಿಕ್ಸ್ ಅಂತ ಒಂದಿರುತ್ತೆ."

"ಮತ್ತೆ ಆ ಏಳು?"

"ಅದಿರುತ್ತೆ."

"ಅದಕ್ಕೆ ಎಥಿಕ್ಸ್ ಬೇಡ್ವಾ ಸಾರ್?"

"ಊಹೆ ಅಂತ ಕೆಳಗೆ ಒಂದು ಸಾಲು ಸೇರಿಸ್ತೀನಿ" ಎಂದ ಗುರುಪ್ರಸಾದ. ಅವಳ ಕಡೆ ನೋಡದೆ, "ನೀನು ತುಂಬ ಒಳ್ಳೇ ಕೆಲಸಗಾರ್ತಿ. ಬಾಯೊಂದು ಸ್ವಲ್ಪ..." ಎಂದು ಅರ್ಧಕ್ಕೇ ನಿಲ್ಲಿಸಿದ.

ಆ ಸಾಲನ್ನು ಅವನು ಸೇರಿಸಿರಬಹುದು, ಸೇರಿಸದೆಯೂ ಇರಬಹುದು. ಪೇಪರು ಬಂದಾಗ ಅವಳು ಕೊನೆಯ ಪುಟವನ್ನಷ್ಟೇ ನೋಡಿದಳು. ಮಾದರಿಗಳನ್ನು ನುಣುಪು ಮಾಡಿಕೊಟ್ಟದ್ದಕ್ಕೆ ಅವಳಿಗೂ, ಮರ ಕೊಯ್ದುಕೊಟ್ಟದ್ದಕ್ಕೆ ಕಂಟ್ರಾಕ್ಟರನಿಗೂ ಒಂದೇ ವಾಕ್ಯದಲ್ಲಿ ಥ್ಯಾಂಕ್ಸು ಹೇಳಿತ್ತು.

ಅಷ್ಟರಲ್ಲಿ ಏರಿದ್ದೆಲ್ಲ ಇಳಿದಿತ್ತು. ಏಪ್ರಿಲಿನಲ್ಲಿ ಕಲೀಮನ ಕಂಪನಿಯವರು ಎಲ್ಲರನ್ನೂ ಒಂದು ಮೀಟಿಂಗಿಗೆ ಕರೆದು, ಪಿಜ್ಜಾ ತಿನ್ನಿಸಿ, ಬ್ಯಾಡ್ಜು ಕಸಿದುಕೊಂಡು ಕಳಿಸಿದರು. ಹೂ ಮಾರುವ ಹುಡುಗನ ಕಂಪನಿ ಅದಕ್ಕೂ ಮೊದಲೇ ಮುಳುಗಿತ್ತು. ಅರ್ಧ ಎದ್ದ ಮನೆಗೂ ಪಕ್ಕದ ಮರಗಳಿಗೂ ಸೇರಿಸಿ ಬ್ಯಾಂಕಿನವರು ತಂತಿ ಬೇಲಿ ಹಾಕಿ ಬೀಗ ಜಡಿದರು. ಹೊಸ ಗ್ರಾಂಟು ಬಂದಿತ್ತು. ಬೈರಿಗೆ ತೆಗೆದುಕೊಂಡು ಹತ್ತುವ ಮಾತನ್ನು ಗುರುಪ್ರಸಾದ ಮತ್ತೆ ಎತ್ತಲಿಲ್ಲ. ಎತ್ತಿದ್ದರೂ ಬೇಲಿ ಇತ್ತು.

ಮೈಸೂರಿಗೆ ಟಿಕೆಟು ಮಾಡಿಸಿದ ಮೇಲೆ ಕಡೆಯ ಭಾನುವಾರ ಕಲೀಮ್ ತಾನಾಗಿಯೇ, "ನಡಿ, ನಿನ್ನ ಬೆಟ್ಟ ತೋರಿಸು. ಎರಡು ವರ್ಷದಿಂದ ಕೇಳಿದ್ದೇ ಬಂತು" ಎಂದ. ಕೆಲಸ ಹೋದ ಮೇಲೆ ಅವನ ನಗೆ ಕಡಿಮೆಯಾಗಿತ್ತು, ಮಾತು ಮೆತ್ತಗಾಗಿತ್ತು.

ಕಾಲುದಾರಿ ಶುರುವಾಗುವ ಕಡೆ ಸಣ್ಣ ಸೂರೊಂದನ್ನು ಹೊಸದಾಗಿ ಎಬ್ಬಿಸಿದ್ದರು. ಅದರ ಕೆಳಗೆ, ನಿಂತವರ ಎದೆಯ ಮಟ್ಟಕ್ಕೆ, ರಾಜ. ಮೇಲೆ ವಾರ್ನಿಷು ಹೊಡೆದಿದ್ದರು. ಸುತ್ತುಗಳ ಮೇಲೆ ಅಲ್ಲಲ್ಲಿ ಹಿತ್ತಾಳೆ ಮೊಳೆ, ಮೊಳೆಯ ಪಕ್ಕ ಇಸವಿ. ಅಂಚಿನ ಹತ್ತಿರದ ಕಪ್ಪು ಗಾಯದ ಮೇಲೆ ಕೆಂಪು ಚೀಟಿ: ಈ ಏಣಿನ ಕೊನೆಯ ಕಾಡ್ಗಿಚ್ಚು, 1889.

ಅವರಿಗಿಂತ ಮೊದಲೇ ಬಂದಿದ್ದ ಸಂಸಾರವೊಂದು ಅಲ್ಲಿ ನಿಂತಿತ್ತು. ಗಂಡಸಿನ ಮಾತು ಧಾರವಾಡದ ಕಡೆಯದು. ಮಗಳಿಗೆ ತೋರಿಸಿ ಹೇಳುತ್ತಿದ್ದ: "ನೋಡವಾ ಇಲ್ಲೆ. ಗಿಡಾ ಸುಳ್ಳ ಹೇಳಂಗಿಲ್ಲ. ಮನಿಷಾ ಹೇಳ್ತಾನ, ಗಿಡಾ ಹೇಳಂಗಿಲ್ಲ."

"ಓಕೆ ಡ್ಯಾಡ್" ಎಂದಿತು ಹುಡುಗಿ. 1889ರ ಮೇಲೆ ಬೆರಳಿಟ್ಟು ಫೋಟೋ ತೆಗೆಸಿಕೊಂಡಿತು. ಅವರು ದಾರಿ ಹಿಡಿದು ಮೇಲಕ್ಕೆ ಹೋದರು.

ಕಲೀಮ್ ತುಂಡಿನ ಹತ್ತಿರ ಬಗ್ಗಿ ನೋಡಿದ.

"ಇದೇನಾ ಆ ಗ್ಯಾರಂಟಿ ಪೀಸು?"

"ಹೂಂ."

"ನಿನ್ನ ಹೆಸರೆಲ್ಲಿದೆ?"

"ಇಲ್ಲ."

ಅವನು ಅಂಗೈಯನ್ನು ಮರದ ಮೇಲಿಟ್ಟು ಮೆಲ್ಲಗೆ ಹೊರಕ್ಕೆ ಎಳೆದ. ನಡುವಿನಿಂದ, ಗಾಯಗಳ ಮೇಲೆ ಹಾದು, ಅಂಚಿನವರೆಗೆ. ಎಲ್ಲೂ ತಡೆಯಲಿಲ್ಲ.

"ಕೆಲಸ ಮಾತ್ರ ಫಸ್ಟ್ ಕ್ಲಾಸು" ಎಂದ. ಅಣಕವಿರಲಿಲ್ಲ. ಎರಡು ವರ್ಷದಲ್ಲಿ ಅವನು ಅವಳ ಕೆಲಸವನ್ನು ಹೊಗಳಿದ್ದು ಅದೊಂದೇ ಸಲ.

"ಅದೇ ತಪ್ಪಾಗಿದ್ದು" ಎಂದಳು ಅಫ್ಶೀನ್. ಗೋಡೆಯಾಚೆ ಕೇಳುವವರು ಯಾರೂ ಇರಲಿಲ್ಲ, ಆದರೂ ಅವಳು ಅದನ್ನು ಕನ್ನಡದಲ್ಲೇ ಹೇಳಿದಳು.